ವೂಯಿ ಬೆಟ್ಟ: ನೋಡಲು ಯಾವ ತಿಂಗಳು, ಚಹಾ ಕೊಳ್ಳಲು ಯಾವ ತಿಂಗಳು?

ಪ್ರಶ್ನೆ: ನಾವು ಮೈಸೂರಿನವರು. ನನಗೆ 64, ಮನೆಯವರಿಗೆ 59. ಮಗಳು ಶಾಂಘೈನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಮೇ ಮೊದಲ ವಾರ ರಜೆ ಇರುವುದರಿಂದ ಆಗಲೇ ಫೂಜಿಯನ್ ಪ್ರಾಂತ್ಯದ ವೂಯಿ ಬೆಟ್ಟಕ್ಕೆ ಮೂರು ದಿನ ಹೋಗಿಬರೋಣ ಅನ್ನುತ್ತಾಳೆ. ಮನೆಯವರಿಗೆ ಮಂಡಿನೋವು, ಹೆಚ್ಚು ಮೆಟ್ಟಿಲು ಹತ್ತಲಾಗದು. ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. 'ದಾ ಹೊಂಗ್ ಪಾವ್' ಚಹಾದ ಮೂಲ ಗಿಡಗಳನ್ನು ನೋಡಿ, ಅದೇ ಗಿಡದ ಚಹಾ ಸ್ವಲ್ಪವಾದರೂ ತರಬೇಕೆಂಬ ಆಸೆ. ಅದನ್ನು ಕೋತಿಗಳು ಕೀಳುತ್ತವೆ ಎಂದು ಕೇಳಿದ್ದೇನೆ, ನಿಜವೇ? ತೊಂಗ್‌ಮು ಹಳ್ಳಿಗೆ ಹೋಗಬಹುದೇ? ಅಲ್ಲಿ ಚಹಾ ಅಂಗಡಿಯವರು ಪ್ರವಾಸಿಗರಿಗೆ ಟೋಪಿ ಹಾಕುತ್ತಾರೆ ಎಂದು ಪರಿಚಯದವರು ಹೆದರಿಸಿದ್ದಾರೆ. ನಮ್ಮ ದೇಶದ ಚಹಾ ಅಲ್ಲಿಂದಲೇ ಬಂದದ್ದು ಎಂಬುದು ಸರಿಯೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು, ಆತಂಕ ಮಾತ್ರ ಎರಡು. ಮನೆಯವರ ಮಂಡಿ ತಡೆದೀತೇ ಎಂಬುದು ಒಂದು, ಚಹಾ ಕೊಳ್ಳುವಾಗ ಮೋಸ ಹೋಗುತ್ತೇವೇನೋ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ನೀವು ಹೊರಡುವ ದಿನಾಂಕದಲ್ಲೇ ಬಹುಪಾಲು ಅಡಗಿದೆ. ಮೇ ಮೊದಲ ವಾರ ಮಾತ್ರ ಬೇಡ. ಮೇ 1ರಿಂದ ಚೀನಾದಲ್ಲಿ ಕಾರ್ಮಿಕ ದಿನಾಚರಣೆಯ ರಜೆ, ಇಡೀ ದೇಶ ರೈಲು ಹತ್ತುವ ಹೊತ್ತು. ಬೆಟ್ಟದ ಕಿರಿದಾದ ಮೆಟ್ಟಿಲುಗಳಲ್ಲಿ ಹಿಂದಿನವರು ತಳ್ಳುತ್ತಿರುವಾಗ ಮಂಡಿನೋವಿನವರು ನಿಂತು ಸುಧಾರಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಮಳೆ ಹೆಚ್ಚಿರುವ ತಿಂಗಳುಗಳಲ್ಲಿ ಅದೂ ಒಂದು. ಅಕ್ಟೋಬರ್ 1ರಿಂದ 7ರವರೆಗಿನ ರಾಷ್ಟ್ರೀಯ ರಜೆಗೂ ಇದೇ ಮಾತು ಅನ್ವಯಿಸುತ್ತದೆ.

ನಿಮ್ಮ ಮುಂದೆ ಎರಡು ದಾರಿ ಇವೆ. ಚಹಾ ತಯಾರಾಗುವುದನ್ನು ಕಣ್ಣಾರೆ ನೋಡಬೇಕಿದ್ದರೆ ಮೇ 8ರಿಂದ 15ರ ಆಸುಪಾಸು ಹೋಗಿ. ಬೆಟ್ಟದಲ್ಲಿ ನೆಮ್ಮದಿಯಾಗಿ ಓಡಾಡಿ, ಹದಕ್ಕೆ ಬಂದ ಚಹಾ ಕೊಂಡು ಬರಬೇಕಿದ್ದರೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ. ನಿಮ್ಮ ಮನೆಯ ಪರಿಸ್ಥಿತಿಗೆ ಎರಡನೆಯದೇ ಸರಿ. ಆಗ ಮಳೆ ಕಡಿಮೆ, ಕಲ್ಲು ಜಾರುವುದಿಲ್ಲ, ಚಹಾ ಗಿಡಗಳು ಬಿಳಿ ಹೂ ಬಿಟ್ಟಿರುತ್ತವೆ. ಮಗಳ ರಜೆ ಹೊಂದದಿದ್ದರೆ ಒಂದು ಶನಿವಾರ ಭಾನುವಾರಕ್ಕೆ ಇನ್ನೊಂದು ದಿನ ಸೇರಿಸಿಕೊಳ್ಳಲಿ.

ಋತುವಿಗೆ ಇಷ್ಟು ಒತ್ತು ಏಕೆಂದು ತಿಳಿಯಬೇಕಾದರೆ ಈ ಚಹಾ ಆಗುವ ಬಗೆ ಗೊತ್ತಿರಬೇಕು. ವೂಯಿಯದು ಬಂಡೆ ಚಹಾ, ಚೀನಿಯಲ್ಲಿ 'ಯೆನ್ ಛಾ'. ನೀಲಗಿರಿಯಲ್ಲಿ ಎರಡು ಎಲೆ ಒಂದು ಮೊಗ್ಗು ಚಿವುಟುವಂತೆ ಇಲ್ಲಿ ಚಿವುಟುವುದಿಲ್ಲ. ಚಿಗುರು ಬಲಿತು ತುದಿಯ ಎಲೆ ಬಿಚ್ಚಿಕೊಂಡ ಮೇಲೆ ಮೂರು ನಾಲ್ಕು ಎಲೆಯ ಕುಡಿಯನ್ನೇ ಮುರಿಯುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ, ವರ್ಷಕ್ಕೆ ಮುಖ್ಯವಾಗಿ ಒಂದೇ ಕೊಯ್ಲು. ಇಬ್ಬನಿ ಆರಿದ ಮೇಲೆ ಕೀಳಲು ಶುರು, ಮಳೆ ಬಂದರೆ ಕೆಲಸ ನಿಲ್ಲುತ್ತದೆ. ಕಂದರಗಳೊಳಗೆ ಗಾಡಿ ಹೋಗದ ಕಾರಣ ಎಲೆ ತುಂಬಿದ ಬುಟ್ಟಿಗಳು ಅಡ್ಡೆಯ ಮೇಲೆ, ಆಳುಗಳ ಹೆಗಲೇರಿ ಬರುತ್ತವೆ. ಎಲೆಯನ್ನು ಬಿಸಿಲಿಗೆ ಹರಡಿ ಬಾಡಿಸುತ್ತಾರೆ. ಆಮೇಲೆ ರಾತ್ರಿಯೆಲ್ಲ ಕುಲುಕುವ ಕೆಲಸ. ಕುಲುಕುವುದು, ಬಿಡುವುದು, ಮತ್ತೆ ಕುಲುಕುವುದು. ಹೀಗೆ ಎಂಟು ಹತ್ತು ಗಂಟೆ ಕಳೆದಾಗ ಎಲೆಯ ಅಂಚು ಜಜ್ಜಿ ಕೆಂಪಾಗಿರುತ್ತದೆ, ನಡುಭಾಗ ಹಸಿರಾಗಿಯೇ ಉಳಿದಿರುತ್ತದೆ. ಆ ಹದದಲ್ಲಿ ಕಾದ ಉರುಳೆಯಲ್ಲಿ ಹುರಿದು, ಹೊಸೆದು, ಒಣಗಿಸಿದರೆ ಕಚ್ಚಾ ಚಹಾ ಸಿದ್ಧ. ಮೇ ತಿಂಗಳಲ್ಲಿ ಅಂಗಡಿಯವರ ಕೈಯಲ್ಲಿರುವ ಹೊಸ ಮಾಲೆಂದರೆ ಇಷ್ಟೇ.

ರುಚಿ ನಿಲ್ಲುವುದು ಇದರ ನಂತರದ ಬೆಂಕಿಯಲ್ಲಿ. ಕಡ್ಡಿ ಹೆಕ್ಕಿ ಶುದ್ಧ ಮಾಡಿದ ಎಲೆಯನ್ನು ಬಿದಿರು ಬುಟ್ಟಿಗೆ ತುಂಬಿ, ಬೂದಿ ಮುಚ್ಚಿದ ಇದ್ದಿಲ ಕೆಂಡದ ಮೇಲಿಟ್ಟು ಗಂಟೆಗಟ್ಟಲೆ ಕಾಯಿಸುತ್ತಾರೆ. ಆಮೇಲೆ ವಾರಗಟ್ಟಲೆ ಸುಮ್ಮನೆ ಬಿಡುತ್ತಾರೆ. ಒಳ್ಳೆಯ ಎಲೆಗೆ ಇದು ಎರಡು ಮೂರು ಬಾರಿ ನಡೆಯುತ್ತದೆ. ಬೆಂಕಿಯಿಂದ ಆಗತಾನೆ ಇಳಿದ ಚಹಾ ನಾಲಿಗೆಗೆ ಒರಟು, ಗಂಟಲು ಒಣಗಿಸುತ್ತದೆ. ಆ ಉರಿ ಇಳಿಯಲು ತಿಂಗಳುಗಳೇ ಬೇಕು, ಆದ್ದರಿಂದ ಆ ವರ್ಷದ ಚಹಾ ಕುಡಿಯುವ ಹದಕ್ಕೆ ಬರುವುದು ಶರತ್ಕಾಲದ ಹೊತ್ತಿಗೆ. ಮೇನಲ್ಲಿ "ಹೊಸ ಕೊಯ್ಲಿನ ತಾಜಾ ದಾ ಹೊಂಗ್ ಪಾವ್" ಎಂದು ಯಾರಾದರೂ ಹೊಗಳಿದರೆ ಅದು ಕೊಳ್ಳಲು ಕಾರಣವಾಗಬಾರದು. ತಾಜಾತನ ಹಸಿರು ಚಹಾಕ್ಕೆ ಗುಣ, ಬಂಡೆ ಚಹಾಕ್ಕೆ ಅಲ್ಲ. ಮೇನಲ್ಲೇ ಹೋಗುವಂತಾದರೆ ಹಿಂದಿನ ವರ್ಷದ ಮಾಲನ್ನೇ ಕೇಳಿ.

ಇನ್ನು ಮೂಲ ಗಿಡಗಳು. ಜಿಯೋಲೊಂಗ್‌ಖೆ ಎಂಬ ಕಂದರದ ಬಂಡೆಗೋಡೆಯಲ್ಲಿ, ಕಲ್ಲಿನ ಕಟ್ಟೆಯೊಳಗೆ ಆರು ಗಿಡಗಳಿವೆ. ಕೆಳಗೆ ನಿಂತು ತಲೆಯೆತ್ತಿ ನೋಡಬಹುದು, ಹತ್ತಿರ ಹೋಗುವಂತಿಲ್ಲ. ಕೊನೆಯ ಬಾರಿ ಅವುಗಳ ಎಲೆ ಕಿತ್ತದ್ದು 2005ರಲ್ಲಿ. 2006ರಿಂದ ಕೊಯ್ಲು ನಿಷೇಧ. ಆ ಕೊನೆಯ ಕೊಯ್ಲಿನ 20 ಗ್ರಾಂ 2007ರಲ್ಲಿ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿತು. ಹಾಗಾಗಿ "ತಾಯಿಮರದ ಚಹಾ" ಎಂದು ಯಾರು ಏನು ಮಾರಿದರೂ ಅದು ಸುಳ್ಳು. ಈ ಆಸೆಯೊಂದನ್ನು ಮೈಸೂರಲ್ಲೇ ಬಿಟ್ಟು ಹೋದರೆ ಮೋಸದ ಅರ್ಧ ದಾರಿ ಅಲ್ಲಿಗೇ ಮುಚ್ಚುತ್ತದೆ.

ಹಾಗೆಂದು ಇಂದಿನ ದಾ ಹೊಂಗ್ ಪಾವ್ ಎಲ್ಲವೂ ನಕಲಿ ಎಂಬುದೂ ತಪ್ಪು. ಮೂಲ ಗಿಡಗಳ ಕಡ್ಡಿಯಿಂದ ಬೆಳೆಸಿದ ತಳಿಯ ಚಹಾ ಇದೆ, ಅದನ್ನು ಶುದ್ಧ ತಳಿ ಎಂದು ಮಾರುತ್ತಾರೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಮಿಶ್ರಣ: ರೋ ಗುಯ್, ಷುಯ್ ಶಿಯೆನ್ ಮುಂತಾದ ಸ್ಥಳೀಯ ತಳಿಗಳನ್ನು ಬೆರೆಸಿ ಹದ ತಂದದ್ದು. ನಮ್ಮಲ್ಲಿ ಕಾಫಿಪುಡಿಗೆ ಪೀಬೆರಿ, ಪ್ಲಾಂಟೇಷನ್, ರೊಬಸ್ಟಾ ಬೆರೆಸಿ ಹದ ಮಾಡಿದ ಹಾಗೆ. ಅದು ಮೋಸವಲ್ಲ, ಪಳಗಿದ ಕೈಯ ಕೆಲಸ. ಕೋತಿ ಕೀಳುವ ಮಾತು ಮಾತ್ರ ಬರಿಯ ಕಥೆ. ಹತ್ತಲಾಗದ ಬಂಡೆಯ ಗಿಡಗಳ ಬಗ್ಗೆ ಹುಟ್ಟಿದ ದಂತಕಥೆಯನ್ನು ಮಾರಾಟಗಾರರು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರು. ಎಲೆ ಕೀಳುವುದು ಮನುಷ್ಯರೇ.

ಬೆಲೆಯಲ್ಲಿ ಏರುಪೇರಾಗುವುದು ಜಾಗದ ಹೆಸರಿನಿಂದ. ಕೆಂಪು ಮರಳುಗಲ್ಲಿನ ಬಂಡೆಗಳ ನಡುವಿನ, ಸುಮಾರು 70 ಚದರ ಕಿಲೋಮೀಟರಿನ ರಕ್ಷಿತ ಪ್ರದೇಶದೊಳಗೆ ಬೆಳೆದದ್ದು 'ಝೆಂಗ್ ಯೆನ್', ಅಂದರೆ ಅಸಲಿ ಬಂಡೆಯ ಚಹಾ. ಅದರಾಚೆಯ ಗುಡ್ಡ, ನದಿದಂಡೆಯ ತೋಟಗಳದ್ದು ಅಗ್ಗ. ಚೀನಾದ ರಾಷ್ಟ್ರೀಯ ಮಾನದಂಡದ ಪ್ರಕಾರ ವೂಯಿಷಾನ್ ನಗರಾಡಳಿತದ ಗಡಿಯೊಳಗೆ ಬೆಳೆದ ಎಲೆಗೆಲ್ಲ 'ವೂಯಿ ಬಂಡೆ ಚಹಾ' ಎಂಬ ಹೆಸರು ಸಲ್ಲುತ್ತದೆ. ಎಂದಮೇಲೆ ಪೊಟ್ಟಣದ ಮೇಲಿನ ಭೌಗೋಳಿಕ ಗುರುತು ನಿಜವಾಗಿದ್ದರೂ ಅದು ಕಂದರದೊಳಗಿನ ಎಲೆಯೆಂದು ಹೇಳಿದಂತಾಗಲಿಲ್ಲ. ಕಂದರಗಳಲ್ಲೂ ಪ್ರಸಿದ್ಧವಾದದ್ದು ನ್ಯೂಲಾನ್‌ಖೆಂಗ್. ಅಲ್ಲಿನ ರೋ ಗುಯ್‌ಗೆ ವ್ಯಾಪಾರಿಗಳು 'ನ್ಯೂ ರೋ' ಎಂದು ಚುಟುಕು ಹೆಸರಿಟ್ಟಿದ್ದಾರೆ. ಆ ಪದಕ್ಕೆ ದನದ ಮಾಂಸ ಎಂಬ ಅರ್ಥವೂ ಇದೆ. ಫೋನಿನ ಅನುವಾದದಲ್ಲಿ ಹಾಗೆ ಕಂಡರೆ ಗಾಬರಿಯಾಗಬೇಡಿ, ಚಹಾದಲ್ಲಿ ಮಾಂಸವಿಲ್ಲ. ಆದರೆ ಆ ಕಂದರ ಎಷ್ಟು ಪುಟ್ಟದೆಂದರೆ ಚೀನಾದ ತುಂಬ ಆ ಹೆಸರಲ್ಲಿ ಮಾರಾಟವಾಗುವುದರ ದೊಡ್ಡ ಪಾಲು ಅಲ್ಲಿಯದಾಗಿರಲು ಸಾಧ್ಯವೇ ಇಲ್ಲ. ಮೊದಲ ಸಲ ಕೊಳ್ಳುವವರು ಆ ಹೆಸರಿಗೆ ದುಡ್ಡು ಸುರಿಯುವುದು ಬೇಡ.

ಅಂಗಡಿಯಲ್ಲಿ ಏನು ಮಾಡಬೇಕು? ಮೊದಲು ತೂಕದ ಲೆಕ್ಕ ತಿಳಿದಿರಲಿ. ಬೆಲೆ ಹೇಳುವುದು 'ಜಿನ್' ಲೆಕ್ಕದಲ್ಲಿ, ಅಂದರೆ 500 ಗ್ರಾಂ. ಕೆಲವರು 'ಲಿಯಾಂಗ್' ಅನ್ನುತ್ತಾರೆ, ಅದು 50 ಗ್ರಾಂ. ಇನ್ನು ಕೆಲವರು ಒಂದು 'ಪಾವ್'ಗೆ ಹೇಳುತ್ತಾರೆ, ಅದು ಒಂದು ಸಲಕ್ಕಾಗುವ ಸುಮಾರು 8 ಗ್ರಾಂನ ಪುಟ್ಟ ಪೊಟ್ಟಣ. "200 ಯುವಾನ್" ಎಂದದ್ದು ಯಾವುದಕ್ಕೆ ಎಂದು ಖಚಿತವಾಗದೆ ತಲೆಯಾಡಿಸಬೇಡಿ. ಹತ್ತುಪಟ್ಟು ವ್ಯತ್ಯಾಸದ ಜಗಳ ಹುಟ್ಟುವುದು ಇಲ್ಲೇ, ಅದೂ ಎಷ್ಟೋ ಸಲ ಯಾರ ದುರುದ್ದೇಶವೂ ಇಲ್ಲದೆ.

ಅಂಗಡಿಯವರು ಸುಮಾರು 110 ಮಿಲಿಲೀಟರಿನ ಮುಚ್ಚಳದ ಬಟ್ಟಲಿಗೆ 8 ಗ್ರಾಂ ಹಾಕಿ, ಕುದಿಯುವ ನೀರು ಹೊಯ್ದು, ಹತ್ತು ಸೆಕೆಂಡಿನೊಳಗೆ ಬಸಿದು ಕೊಡುತ್ತಾರೆ. ಹಾಗೆ ಬೇಗ ಬಸಿದರೆ ಸಾಧಾರಣ ಚಹಾವೂ ಘಮ್ಮೆನ್ನುತ್ತದೆ. ದೋಷ ಹೊರಬರಬೇಕಾದರೆ ಪರೀಕ್ಷಕರ ವಿಧಾನವೇ ಬೇಕು: 5 ಗ್ರಾಂ ಎಲೆ, 110 ಮಿಲಿಲೀಟರ್ ಕುದಿನೀರು, ಮೊದಲ ಸಲ 2 ನಿಮಿಷ, ಎರಡನೆಯ ಸಲ 3, ಮೂರನೆಯ ಸಲ 5. ಮಗಳು ಚೀನಿಯಲ್ಲಿ ಇಷ್ಟು ಕೇಳಲಿ. ಒಳ್ಳೆಯ ಮಾಲಿರುವವರು ಬೇಸರಪಡುವುದಿಲ್ಲ. ಒಂದು ಲೋಟವನ್ನು ಆರಲು ಬಿಟ್ಟು ಕುಡಿಯಿರಿ. ಬಿಸಿಯಲ್ಲಿ ಅಡಗಿದ್ದ ಹಸಿವಾಸನೆ, ಸುಟ್ಟ ವಾಸನೆ, ನಾಲಿಗೆ ಹಿಡಿಯುವ ಒಗರು ಆರಿದಾಗ ಬಯಲಾಗುತ್ತವೆ. ಕೊನೆಗೆ ಬಟ್ಟಲಲ್ಲಿ ಉಳಿದ ಎಲೆಯನ್ನು ಬೆರಳಲ್ಲಿ ಬಿಚ್ಚಿ ನೋಡಿ. ಮೆತ್ತಗೆ ಬಿಚ್ಚಿಕೊಂಡರೆ ಬೆಂಕಿ ಹದವಾಗಿದೆ. ಕಪ್ಪಾಗಿ ಸೆಟೆದು ಬಿಚ್ಚದೇ ಇದ್ದರೆ ಎಲೆ ಇದ್ದಿಲಾಗಿದೆ. ಕಳಪೆ ಎಲೆಯ ದೋಷ ಮುಚ್ಚಲು ಅತಿಯಾಗಿ ಕಾಯಿಸುವುದು ಹಳೆಯ ಉಪಾಯ.

ಕಾರಿನ ಚಾಲಕರು, ಗೈಡ್‌ಗಳು ತಾವಾಗಿ "ನಮ್ಮ ನೆಂಟರ ಕಾರ್ಖಾನೆ" ಎಂದು ಕರೆದೊಯ್ಯುವ ಕಡೆ ಅವರ ಕಮಿಷನ್ನು ಬೆಲೆಯೊಳಗೇ ಇರುತ್ತದೆ. ನೀವೇ ನಡೆದು ಹೋಗಿ, ಎರಡು ಮೂರು ಅಂಗಡಿಗಳಲ್ಲಿ ರೋ ಗುಯ್ ಒಂದನ್ನೇ ಹೋಲಿಸಿ ನೋಡಿ. ಗಂಟೆಗಟ್ಟಲೆ ಕೂರಿಸಿ ಕುಡಿಸಿದರೆ ಕೊಳ್ಳಲೇಬೇಕೆಂಬ ಮುಲಾಜು ಹುಟ್ಟುತ್ತದೆ. ಆ ಮುಲಾಜಿಗೆ 50 ಅಥವಾ 100 ಗ್ರಾಂ ಕೊಂಡರೆ ಸಾಕು. ಇಷ್ಟವಾದರೆ ಮಗಳು ಶಾಂಘೈಗೆ ತರಿಸಿಕೊಳ್ಳಬಹುದಲ್ಲ. ಬರಿಹೊಟ್ಟೆಯಲ್ಲಿ ಮಾತ್ರ ಕೂರಬೇಡಿ. ಐದಾರು ಬಗೆ ಗಟ್ಟಿ ಚಹಾ ಸಾಲಾಗಿ ಕುಡಿದರೆ ತಲೆ ಸುತ್ತುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆಯೂ ಬರುವುದಿಲ್ಲ.

ಶಾಂಘೈನಲ್ಲೂ ಒಂದು ಎಚ್ಚರ ಬೇಕು. ಪ್ರವಾಸಿ ಬೀದಿಗಳಲ್ಲಿ ಅಪರಿಚಿತ ಯುವಕ ಯುವತಿಯರು ಇಂಗ್ಲಿಷಿನಲ್ಲಿ ಮಾತಿಗಿಳಿದು "ಚಹಾ ಸಮಾರಂಭ ನೋಡೋಣ ಬನ್ನಿ" ಎಂದು ಕರೆದುಕೊಂಡು ಹೋಗಿ, ಕೊನೆಗೆ ಸಾವಿರಾರು ಯುವಾನಿನ ಬಿಲ್ಲು ಮುಂದಿಡುವ ವಂಚನೆ ಬಹಳ ಹಳೆಯದು. ನಿಮ್ಮ ಪರಿಚಯದವರು ಕೇಳಿದ್ದು ಪ್ರಾಯಶಃ ಇದನ್ನೇ.

ಈಗ ಮಂಡಿಯ ವಿಷಯಕ್ಕೆ ಬರೋಣ. ತಿಯೆನ್‌ಯೋ ಶಿಖರ, ಎತ್ತರ 408 ಮೀಟರ್, ಎಲ್ಲ ಚಿತ್ರಗಳಲ್ಲೂ ಕಾಣುವ ಜಾಗ. ಎಂಟುನೂರಕ್ಕೂ ಹೆಚ್ಚು ಮೆಟ್ಟಿಲು ಬಂಡೆಯ ಮೈಮೇಲೆ ಕಡಿದಾಗಿ ಏರುತ್ತವೆ. ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಹೆಚ್ಚು ಪೆಟ್ಟು. ಮನೆಯವರು ಇದನ್ನು ಬಿಡಲಿ. ಅದೇ ಬಂಡೆಯನ್ನು ಹೊಳೆಯಿಂದ ನೋಡಿದರೂ ಕಡಿಮೆಯೇನಲ್ಲ. 'ಒಂದು ಗೆರೆ ಆಕಾಶ' ಎಂಬ ಬಂಡೆಯ ಸೀಳನ್ನೂ ಬಿಡಿ. ಕೆಲವೆಡೆ ಅಡ್ಡಕ್ಕೆ ತಿರುಗಿ ಸರಿಯಬೇಕಾದಷ್ಟು ಕಿರಿದು, ಕತ್ತಲೆ, ಒದ್ದೆ, ಬಾವಲಿ ವಾಸನೆ. ಅರ್ಧದಲ್ಲಿ ಉಸಿರುಗಟ್ಟಿದಂತಾದರೂ ಹಿಂದೆ ತಿರುಗಲಾಗದು.

ಒಂಬತ್ತು ತಿರುವಿನ ಹೊಳೆಯಲ್ಲಿ ಬಿದಿರು ತೆಪ್ಪದ ಸವಾರಿ ನಿಮ್ಮಿಬ್ಬರಿಗೂ ಹೇಳಿ ಮಾಡಿಸಿದ್ದು. ಶಿಂಗ್‌ಛುನ್ ಕಟ್ಟೆಯಲ್ಲಿ ಹತ್ತಿದರೆ ಸುಮಾರು 9.5 ಕಿಲೋಮೀಟರ್, ಒಂದೂವರೆ ಗಂಟೆ. ಒಂದು ತೆಪ್ಪಕ್ಕೆ ಆರು ಜನ, ಕೂರಲು ಬಿದಿರು ಕುರ್ಚಿ, ಹುಟ್ಟುಗೋಲು ಹಾಕಲು ಇಬ್ಬರು ಅಂಬಿಗರು. ಒಂಬತ್ತನೆಯ ತಿರುವಿನಿಂದ ಒಂದನೆಯದಕ್ಕೆ ಇಳಿಯುತ್ತಾ ಬರುತ್ತೀರಿ. ಮೇಲೆ ಬಂಡೆಯ ಬಿರುಕುಗಳಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದಿನ ದೋಣಿಯಾಕಾರದ ಶವಪೆಟ್ಟಿಗೆಗಳಿದ್ದ ಜಾಗ ತೋರಿಸುತ್ತಾರೆ. ಐದನೆಯ ತಿರುವಿನ ಬಳಿ ದಾರ್ಶನಿಕ ಝು ಶಿ 1183ರಲ್ಲಿ ಕಟ್ಟಿದ ಪಾಠಶಾಲೆಯ ನೆಲೆಯಿದೆ. ಪಾದ ನೆನೆಯುತ್ತದೆ, ಆದ್ದರಿಂದ ಶೂ ಬೇಡ. ಎಡವಟ್ಟಾಗುವುದು ಎರಡು ಕಡೆ. ಟಿಕೆಟ್ಟು ಗಂಟೆವಾರು, ಪಾಸ್‌ಪೋರ್ಟ್ ಸಂಖ್ಯೆಯೊಂದಿಗೆ ಮುಂಗಡವಾಗಿ ಮಾರಾಟವಾಗಿ ಮುಗಿದಿರುತ್ತದೆ. ಅಲ್ಲದೆ ಜೋರು ಮಳೆಯಿಂದ ನೀರು ಏರಿದರೆ ಸವಾರಿ ನಿಲ್ಲಿಸುತ್ತಾರೆ. ಅದಕ್ಕೇ ತೆಪ್ಪವನ್ನು ಕೊನೆಯ ದಿನಕ್ಕೆ ಇಡಬೇಡಿ. ಮೊದಲ ಬೆಳಿಗ್ಗೆಗೇ ಇಟ್ಟರೆ, ರದ್ದಾದರೂ ಇನ್ನೊಂದು ದಿನ ಕೈಯಲ್ಲಿರುತ್ತದೆ. ಹಿರಿಯರಿಗೆ ಸಂಬಂಧಿಸಿದ ನಿಯಮಗಳನ್ನು ಕಾಯ್ದಿರಿಸುವಾಗಲೇ ನೋಡಿಕೊಳ್ಳಿ.

ಈ ಬೆಟ್ಟದ ಜೀವ ಇರುವುದು ಕಂದರಗಳಲ್ಲಿ. ನೀರಪರದೆ ಗುಹೆಯಿಂದ ಮೂಲ ಗಿಡಗಳವರೆಗೆ ಬಂಡೆಗಳ ನಡುವೆ ಸುಮಾರು ನಾಲ್ಕು ಕಿಲೋಮೀಟರಿನ ಕಲ್ಲುಹಾಸಿನ ದಾರಿಯಿದೆ. ಎರಡೂ ಕಡೆ ಕೆಂಪು ಗೋಡೆಗಳು, ತಳದಲ್ಲಿ ಸಣ್ಣ ತೊರೆ. ಎಲ್ಲಿ ಒಂದು ಹಾಸಿಗೆಯಗಲ ಜಾಗವಿದೆಯೋ ಅಲ್ಲೆಲ್ಲ ಕಲ್ಲುಕಟ್ಟೆ ಕಟ್ಟಿ ನಾಲ್ಕಾರು ಗಿಡ ನೆಟ್ಟಿದ್ದಾರೆ. ಬಂಡೆ ಸವೆದು ಉದುರಿದ ಗರಸು ಮಣ್ಣು, ನೀರು ನಿಲ್ಲುವುದಿಲ್ಲ. ಬಿಸಿಲು ಬೀಳುವುದು ದಿನಕ್ಕೆ ಕೆಲವೇ ಗಂಟೆ, ಉಳಿದ ಹೊತ್ತು ಗೋಡೆಯಿಂದ ಒಸರುವ ತಂಪು. ಎಲೆ ನಿಧಾನ ಬೆಳೆದು ದಪ್ಪಗಾಗುತ್ತದೆ. ಅಂಗಡಿಯವರು 'ಬಂಡೆಯ ರುಚಿ' ಎಂದು ಹೇಳುವುದರ ಹಿಂದಿರುವ ನೆಲ ಇದು. ಇಲ್ಲಿ ನಡೆದು ಬಂದ ಮೇಲೆ ಚಹಾ ಕುಡಿದರೆ ಆ ಮಾತು ಹಿಡಿತಕ್ಕೆ ಸಿಗುತ್ತದೆ, ಆದ್ದರಿಂದ ನಡಿಗೆ ಮೊದಲು, ಖರೀದಿ ಆಮೇಲೆ.

ಪೂರ್ತಿ ದಾರಿಗೆ ಎರಡು ಮೂರು ಗಂಟೆ ಬೇಕು, ನಡುವೆ ಏರಿಳಿತಗಳಿವೆ. ಮನೆಯವರಿಗೆ ಅದು ಹೆಚ್ಚಾದೀತು. ಅವರು ದಾ ಹೊಂಗ್ ಪಾವ್ ಕಡೆಯ ಬಸ್ ನಿಲ್ದಾಣದಲ್ಲಿ ಇಳಿದು ಒಳಗೆ ಹೋಗಿ ಬರಲಿ. ಹೆಚ್ಚುಕಡಿಮೆ ಒಂದು ಕಿಲೋಮೀಟರ್, ಬಹುಪಾಲು ಸಲೀಸು ದಾರಿ. ನೀವೂ ಮಗಳೂ ಇನ್ನೊಂದು ತುದಿಯಿಂದ ನಡೆದು ಬಂದು ಗಿಡಗಳ ಎದುರು ಸೇರಿಕೊಳ್ಳಬಹುದು. ಅಲ್ಲಿನ ಅಂಗಡಿಯ ಹೆಸರುವಾಸಿ ತಿಂಡಿ ಚಹಾದಲ್ಲಿ ಬೇಯಿಸಿದ ಮೊಟ್ಟೆ, ನಿಮಗೆ ಅದು ಆಗದು. ಊರುಗೋಲು ಒಯ್ಯಿರಿ. ಒಣಗಿದ್ದಂತೆ ಕಂಡರೂ ನೆರಳಿನ ಕಲ್ಲಿನ ಮೇಲೆ ಪಾಚಿ ಇರುತ್ತದೆ.

ತೊಂಗ್‌ಮು ಆಸೆ ಬಿಡಿ. ಹೊಗೆಯ ಪರಿಮಳದ ಕಪ್ಪು ಚಹಾ, ಅಂದರೆ ಲಾಪ್ಸಾಂಗ್ ಸೂಚಾಂಗ್ ಹುಟ್ಟಿದ ಊರು ಅದು. ಆದರೆ ಇರುವುದು ರಕ್ಷಿತ ಅರಣ್ಯದೊಳಗೆ, ತನಿಖಾ ಠಾಣೆಯಿದೆ, ವಿದೇಶಿಯರನ್ನು ಬಿಡುವುದಿಲ್ಲ. "ನಾನು ಒಳಗೆ ಬಿಡಿಸುತ್ತೇನೆ" ಎನ್ನುವ ಚಾಲಕರನ್ನು ನಂಬಿ ಸಿಕ್ಕಿಬಿದ್ದರೆ ತೊಂದರೆ ನಿಮ್ಮ ವೀಸಾಕ್ಕೆ. ಆ ಚಹಾ ಪೇಟೆಯಲ್ಲೇ ಸಿಗುತ್ತದೆ. ಬದಲಿಗೆ ಶಿಯಾಮೆಯ್ ಹಳ್ಳಿಗೆ ಅರ್ಧ ದಿನ ಕೊಡಿ. ಚಹಾ ಇಲ್ಲಿಂದ ರಷ್ಯಾದವರೆಗೆ ಸಾಗುತ್ತಿದ್ದ ಕಾಲದ ವರ್ತಕರ ಮನೆಗಳು, ನಡುವೆ ಕಾಲುವೆ, ನೆಲ ಸಮತಟ್ಟು.

ಊಟಕ್ಕೆ "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಸಾಲದು. ರುಚಿಗೆಂದು ಉದುರಿಸುವ ಕೊಚ್ಚಿದ ಮಾಂಸವನ್ನು ಅಡುಗೆಯವರು ಮಾಂಸದ ಲೆಕ್ಕಕ್ಕೆ ಹಿಡಿಯದಿರಬಹುದು, ಸೊಪ್ಪು ಹುರಿಯುವುದು ಹಂದಿ ಕೊಬ್ಬಿನಲ್ಲಿರಬಹುದು. ಮಾಂಸ, ಮೀನು, ಮೊಟ್ಟೆ, ಹಂದಿ ಕೊಬ್ಬು, ಆಯ್ಸ್ಟರ್ ಸಾಸ್, ಕೋಳಿಸಾರದ ಪುಡಿ ಯಾವುದೂ ಬೇಡ ಎಂದು ಒಂದೊಂದನ್ನೂ ಹೆಸರಿಸಿ ಮಗಳಿಂದ ಚೀನಿ ಲಿಪಿಯಲ್ಲಿ ಚೀಟಿ ಬರೆಸಿಕೊಳ್ಳಿ. ಕಳಲೆ, ಅಣಬೆ, ತೋಫು, ಸೊಪ್ಪು ಅಲ್ಲಿ ಧಾರಾಳ. ಚಟ್ನಿಪುಡಿ, ಅವಲಕ್ಕಿ ಚೀಲದಲ್ಲಿರಲಿ.

ಶಾಂಘೈಯಿಂದ ವೇಗದ ರೈಲಿನಲ್ಲಿ ಮೂರು ಮೂರೂವರೆ ಗಂಟೆ. ನಿಲ್ದಾಣದ ಹೆಸರಲ್ಲಿ ಗೊಂದಲವಿದೆ. ಮೊದಲು ವೂಯಿಷಾನ್ ಪೂರ್ವ ಎನಿಸಿಕೊಂಡಿದ್ದದ್ದು ಈಗ ನಾನ್‌ಪಿಂಗ್ ಷಿ. ವೂಯಿಷಾನ್ ಉತ್ತರ ಬೇರೆಯೇ ನಿಲ್ದಾಣ. ಹಳೆಯ ಪ್ರವಾಸ ಬರಹ ನೋಡಿ ಟಿಕೆಟ್ ಮಾಡಿಸಬೇಡಿ. ಹೋಟೆಲ್ ಸನ್‌ಗು ವಸತಿ ಬಡಾವಣೆಯಲ್ಲಿರಲಿ, ಪ್ರವೇಶದ್ವಾರ ಹತ್ತಿರ. ವಿದೇಶಿಯರನ್ನು ನೋಂದಾಯಿಸಿಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿ. ಹಣಕ್ಕೆ ಅಲಿಪೇ ಎಂಬ ಚೀನಾದ ಪಾವತಿ ಆ್ಯಪ್‌ನಲ್ಲಿ ನಿಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಇದನ್ನು ಇಲ್ಲಿಂದಲೇ ಮಾಡಿ ಹೊರಡಿ, ಬ್ಯಾಂಕಿನ ಒಟಿಪಿ ಬರುವಂತೆ ಭಾರತದ ಸಿಮ್‌ಗೆ ರೋಮಿಂಗ್ ಇರಲಿ. ವಿದೇಶಿ ಕಾರ್ಡಿನಿಂದ 200 ಯುವಾನ್ ಮೀರಿದ ಪಾವತಿಗೆ ಶೇ 3 ಶುಲ್ಕ ಬೀಳುತ್ತದೆ, ಚಹಾದ ದೊಡ್ಡ ಬಿಲ್ಲು ಮಗಳೇ ಕೊಡುವುದು ಲೇಸು. ಭಾರತದ ಪಾಸ್‌ಪೋರ್ಟಿಗೆ ಮುಂಗಡ ಪ್ರವಾಸಿ ವೀಸಾ ಬೇಕೇ ಬೇಕು. ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ವೀಸಾ ಇಲ್ಲದೆ 240 ಗಂಟೆ ಚೀನಾದಲ್ಲಿ ತಂಗುವ ಸೌಲಭ್ಯ ನಮಗಿಲ್ಲ.

ಕೊನೆಯ ಪ್ರಶ್ನೆ. ಸಸ್ಯಶಾಸ್ತ್ರಜ್ಞ ರಾಬರ್ಟ್ ಫಾರ್ಚೂನ್ 1849ರಲ್ಲಿ ಚೀನೀ ವೇಷದಲ್ಲಿ ವೂಯಿಗೆ ಬಂದದ್ದು, ಈಸ್ಟ್ ಇಂಡಿಯಾ ಕಂಪನಿಗಾಗಿ ಚೀನಾದ ಗಿಡ, ಬೀಜ, ಕೆಲಸಗಾರರನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದು ನಿಜ. ಆದರೆ ಅಸ್ಸಾಮಿನಲ್ಲಿ ನಮ್ಮದೇ ಕಾಡು ತಳಿ ಅದಕ್ಕೂ ಮೊದಲೇ ಬ್ರಿಟಿಷರ ಕಣ್ಣಿಗೆ ಬಿದ್ದಿತ್ತು. ನಾವು ದಿನಾ ಹಾಲು ಹಾಕಿ ಕುಡಿಯುವ ಪುಡಿಗೆ ಹೆಚ್ಚಿನ ನಂಟು ಅದರದ್ದೇ. ಫೂಜಿಯನ್ನಿನಿಂದ ನಮಗೆ ಒಂದು ಪದವೂ ಬಂತು, ಅದೂ ಸುತ್ತುಬಳಸಿ. ಆ ಕರಾವಳಿಯ ಶಿಯಾಮೆನ್ ಬಂದರಿನ ನುಡಿಯ 'ತೆ' ಡಚ್ಚರ ಹಡಗೇರಿ ಯುರೋಪಿಗೆ ಹೋಗಿ 'ಟೀ' ಆಯಿತು. ಚೀನಾದ ಬೇರೆಡೆಯ 'ಛಾ' ನಮ್ಮಲ್ಲಿ 'ಚಹಾ' ಆಯಿತು. ವೂಯಿ ಪೇಟೆಯಲ್ಲಿ ನೀವು 'ಚಹಾ' ಎಂದರೂ ಅಂಗಡಿಯವರು ಬಟ್ಟಲು ತೊಳೆಯಲು ಏಳುತ್ತಾರೆ.